ಕಂಟಿಗಳ ನೆತ್ತಿ ಬೋಳಿಸಬೇಡಿ, ಬುಡದಿಂದ ಬಿಡಿಸಿ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿಯುತ್ತಿದ್ದಂತೆ ಧಾರವಾಡದ ಮಾಳಮಡ್ಡಿ, ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಗಳಲ್ಲಿ ಅಂಗಳದ ಕಂಟಿಗಳನ್ನು ಕಡಿಸುವ ಕೆಲಸ ಶುರುವಾಗುತ್ತದೆ. ನಾಲ್ಕು ತಿಂಗಳ ಮಳೆ ಕುಡಿದ ದಾಸವಾಳ ಕಿಟಕಿ ಮುಚ್ಚಿ, ಕಾಗದದ ಹೂವಿನ ಮುಳ್ಳುಕೊಂಬೆ ಗೇಟಿನಾಚೆ ಚಾಚಿ ದಾರಿಹೋಕರ ತೋಳು ಗೀರುವಾಗ ಕಡಿಸದೆ ಗತ್ಯಂತರವಿಲ್ಲ. ಆದರೆ ಎದೆಯೆತ್ತರಕ್ಕೆ ಗೆರೆ ಎಳೆದಂತೆ ಎಲ್ಲ ಗಿಡಗಳ ನೆತ್ತಿಯನ್ನೂ ಮಚ್ಚಿನಿಂದ ಹೊಡೆದು ಸಮ ಮಾಡುವುದನ್ನೇ ಸವರುವುದು ಎಂದು ನಾವು ತಿಳಿದುಕೊಂಡಂತಿದೆ.

ಮೂರು ವರ್ಷಗಳ ಹಿಂದೆ ನಮ್ಮ ಮನೆಯ ಕೆಂಪು ದಾಸವಾಳಕ್ಕೂ ಇದೇ ಗತಿಯಾಯಿತು. ಕೂಲಿಗೆ ಬಂದವರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ನಾನೂ ಅಚ್ಚುಕಟ್ಟಾಯಿತೆಂದು ಮೆಚ್ಚಿಕೊಂಡೆ. ಎರಡೇ ತಿಂಗಳಲ್ಲಿ ಕಡಿದ ಪ್ರತಿಯೊಂದು ತುದಿಯಿಂದಲೂ ಪೊರಕೆಯಂತೆ ನಾಲ್ಕೈದು ಚಿಗುರು ಎದ್ದು, ಗಿಡದ ಮೇಲೆ ಹಸಿರು ಚಪ್ಪರ ಹಾಸಿದಂತಾಯಿತು. ಕೈಯಿಂದ ಸರಿಸಿ ಒಳಗೆ ನೋಡಿದರೆ ಎಲೆಯಿಲ್ಲದ ಒಣ ಕಡ್ಡಿಗಳು, ಜೇಡರ ಬಲೆ, ಗೆಣ್ಣುಗೆಣ್ಣಿಗೂ ಹತ್ತಿಯಂತೆ ಅಂಟಿದ ಹಿಟ್ಟು ತಿಗಣೆ, ಅದರ ಸಿಹಿಗೆ ಸಾಲುಗಟ್ಟಿದ ಇರುವೆ. ಪೂಜೆಗೆ ಹೂವನ್ನು ಪೇಟೆಯಿಂದ ತರಬೇಕಾಯಿತು.

ಇದರ ಕಾರಣ ಸರಳ. ಕೊಂಬೆಯ ತುದಿಯಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ಚೋದಕವು ಕೆಳಗಿನ ಕಣ್ಣುಗಳು, ಅಂದರೆ ಚಿಗುರೊಡೆಯುವ ಮೊಗ್ಗುಗಳು, ಒಡೆಯದಂತೆ ತಡೆದಿರುತ್ತದೆ. ತುದಿ ಹೋದೊಡನೆ ಆ ತಡೆ ತೆರವಾಗಿ, ಕಡಿದ ಜಾಗದ ಸುತ್ತಲಿನ ಕಣ್ಣುಗಳೆಲ್ಲ ಒಮ್ಮೆಲೇ ಚಿಗುರುತ್ತವೆ. ಮೇಲೆ ದಟ್ಟವಾದಷ್ಟೂ ಒಳಗೆ ಬಿಸಿಲು, ಗಾಳಿ ಇಳಿಯದೆ ಕೀಟಕ್ಕೂ ಬೂಷ್ಟಿಗೂ ಮನೆ ಸಿಕ್ಕಂತಾಗುತ್ತದೆ.

ಆದ್ದರಿಂದ ಬೆಳೆದು ಮುದಿಯಾದ ಕಂಟಿಯನ್ನು ಮೇಲಿನಿಂದಲ್ಲ, ಬುಡದಿಂದ ಹಗುರಗೊಳಿಸಬೇಕು. ಮೊದಲು ಒಣಗಿದ, ರೋಗ ಹತ್ತಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆದು, ಆಮೇಲೆ ಉಳಿದ ಕಾಂಡಗಳಲ್ಲಿ ತೀರ ಹಳೆಯವನ್ನು ಮಾತ್ರ ನೆಲಮಟ್ಟಕ್ಕೆ ಕೊಯ್ಯಬೇಕು. ಒಂದು ವರ್ಷಕ್ಕೆ ಮೂರನೆಯ ಒಂದು ಭಾಗದಷ್ಟು ಸಾಕು. ಸಾಲ ತೀರಿಸಿದಂತೆ ಮೂರು ಕಂತಿನಲ್ಲಿ ಇಡೀ ಗಿಡ ಹೊಸದಾಗುತ್ತದೆ, ನಡುವೆ ಹೂವೂ ತಪ್ಪುವುದಿಲ್ಲ. ನಮ್ಮ ದಾಸವಾಳದಲ್ಲಿ ಮೊದಲ ಕಂತಿಗೆ ಮುಂಗೈ ದಪ್ಪದ ನಾಲ್ಕು ಕಾಂಡ ಹೋದವು. ಬುಡಕ್ಕೆ ಬಿಸಿಲು ಬಿದ್ದ ಮೇಲೆ ಅಲ್ಲಿಂದಲೇ ನೆಟ್ಟಗೆ ಹೊಸ ಕುಡಿ ಎದ್ದವು. ತುದಿಯನ್ನು ಕತ್ತರಿಸಲೇಬೇಕಾದಲ್ಲಿ, ಹೊರಮುಖವಾಗಿರುವ ಕಣ್ಣಿಗಿಂತ ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಿದರೆ ಚಿಗುರು ಒಳಕ್ಕೆ ನುಗ್ಗದೆ ಹೊರಕ್ಕೆ ಹರಡುತ್ತದೆ. ಮಚ್ಚಿನ ಏಟಿಗೆ ಸೀಳಿದ ಮೊಂಡು ಕೊಂಬೆ ಬೇಗ ಮಾಯುವುದಿಲ್ಲ. ಹರಿತವಾದ ಸಿಕೇಚರ್ (ಕೊಂಬೆ ಕತ್ತರಿಸುವ ಕೈಗತ್ತರಿ) ಬೇಕು, ರೋಗದ ಗಿಡ ಮುಟ್ಟಿದ ಮೇಲೆ ಅದರ ಅಲಗನ್ನು ಸ್ಪಿರಿಟ್‌ನಿಂದ ಒರೆಸಲೂಬೇಕು.

ಕಾಲವೂ ಎಲ್ಲ ಗಿಡಕ್ಕೂ ಒಂದೇ ಅಲ್ಲ. ಗುಲಾಬಿಗೆ ಮಳೆ ನಿಂತ ಅಕ್ಟೋಬರ್ ಹಿತ, ದುಂಡುಮಲ್ಲಿಗೆಗೆ ಡಿಸೆಂಬರ್ ಆಸುಪಾಸು. ಎಡೆಬಿಡದ ಜಿಟಿಜಿಟಿ ಮಳೆಯಲ್ಲಿ ಯಾವುದನ್ನೂ ಮುಟ್ಟದಿರುವುದೇ ಲೇಸು, ಹಸಿ ಗಾಯಕ್ಕೆ ಶಿಲೀಂಧ್ರ ಹತ್ತುತ್ತದೆ.

ಕಣಗಿಲದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದರ ಎಲೆ, ಕಾಂಡ, ರಸ ಎಲ್ಲವೂ ವಿಷ. ಸುಟ್ಟರೆ ಹೊಗೆಯೂ ಕೆಟ್ಟದ್ದು. ಕಡಿದ ಸೊಪ್ಪನ್ನು ಓಣಿಯ ತಿರುವಿನಲ್ಲಿ ಎಸೆದು ಹೋಗುವವರು ಅಲ್ಲಿ ಬಾಯಾಡಿಸಲು ಬರುವ ಬೀದಿ ದನಗಳನ್ನು ನೆನೆಯಬೇಕು.

ಈ ಕೆಲಸ ಮಾಡುವ ಕೂಲಿಕಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಕೈಗೆ ಮಚ್ಚು ಕೊಟ್ಟು ಬೇಗ ಮುಗಿಸಿ ಎನ್ನುವವರು ನಾವೇ. ವಿಜಯಪುರದ ಕಡೆ ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುವವರನ್ನು ಕಸುಬುದಾರರೆಂದೇ ಕರೆಸುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ವರ್ಷವರ್ಷವೂ ನಡೆಸುವ ಕೃಷಿ ಮೇಳದಲ್ಲಿ ಮನೆಯಂಗಳದ ಕಂಟಿಗಳ ಸವರುವಿಕೆಯನ್ನೂ ಗಿಡದ ಮುಂದೆಯೇ ನಿಂತು ತೋರಿಸಿ, ಉದ್ಯಾನದ ಕೂಲಿಕಾರರನ್ನು ಅದಕ್ಕೆ ಕರೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓದುಗ, ಮಾಳಮಡ್ಡಿ, ಧಾರವಾಡ