‘ಯಾವ ಮುಖ ತಗೊಂಡು ಊರಿಗಿ ಬರ್ಲಿ’ ಅಂತ ಬರದಿಯಲ್ಲ

ಚಿರಂಜೀವಿ ಅಳಿಯಗ ಹುಮನಾಬಾದದಿಂದ ಮಾಮಾನ ಆಶೀರ್ವಾದ.

ಕಾಗದ ಮುಟ್ಟದ. ಫೌಜಿಗಿ ಹೋಗಬೇಕು, ಪ್ಯಾರಾ ಎಸ್‌ಎಫ್, ಅಂದ್ರ ಸೇನಾದ ಪ್ಯಾರಾಶೂಟ್ ಕಮಾಂಡೊ, ಆಗಬೇಕು ಅನ್ನೂದು ಮನ್ಯಾಗ ಎಲ್ಲರಿಗೂ ಗೊತ್ತಿದ್ದದ್ದೇ ಅದ. ಅದು ಚೊಲೋನೋ ಕೆಟ್ಟೋ ಅಂತ ನಾ ಮತ್ತ ತಗಿಯಾಂಗಿಲ್ಲ. ನನ್ನ ನಿದ್ದಿ ಕೆಡಸಿದ್ದು ಕೊನೀಗಿ ಬರದ ಎರಡು ಸಾಲು. ‘ಪ್ರೊಬೇಷನ್‌ದಾಗ ಫೇಲ್ ಆದ್ರ ಯಾವ ಮುಖ ತಗೊಂಡು ಊರಿಗಿ ಬರ್ಲಿ ಮಾಮಾ’ ಅಂದಿದಿ. ಅದರ ಮ್ಯಾಲಿನ ಸಾಲಿನ್ಯಾಗ, ಎಡಗಾಲ ಮೊಣಕಾಲ ಕೆಳಗ ಎರಡು ವಾರದಿಂದ ನೋವದ, ಯಾರಿಗೂ ಹೇಳಿಲ್ಲ ಅಂತದ. ಇವೆರಡೂ ಬ್ಯಾರೆ ಬ್ಯಾರೆ ಅಂತ ನೀ ತಿಳಕೊಂಡಿದಿ. ನನಗ ಎರಡೂ ಒಂದೇ ಸಾಲು ಕಾಣ್ತದ.

ಮೊದಲ ಅಂಜಿಕೀನೇ ನೋಡಮು. ಪ್ಯಾರಾ ಎಸ್‌ಎಫ್ ಕಡಿ ಹೋಗಾವ ಮೊದಲ ಸಿಪಾಯಿ ಆಗಬೇಕು, ಆಮ್ಯಾಲ ಸ್ವಂತ ಇಚ್ಛಾದಿಂದ ಮುಂದ ಬರಬೇಕು. ಬ್ಯಾರೆ ಪಲ್ಟನ್‌ದಿಂದ ಬಂದಾವ ಪ್ರೊಬೇಷನ್ ಅನ್ನೂ ಆ ಕಡಿಯ ಪರೀಕ್ಷಾದಾಗ ನಿಲ್ಲಲಿಲ್ಲ ಅಂದ್ರ ಅವನ ಕಾಗದದ ಮ್ಯಾಲ ಆರ್‌ಟಿಯು ಅಂತ ಬರ್ತದ. ಅಂದ್ರ ತನ್ನ ಪಲ್ಟನ್‌ಗಿ ಹೊಳ್ಳಿ ಹೋಗೂದು. ಪಲ್ಟನ್‌ಗಿ, ತಮ್ಮಾ, ಊರಿಗಿ ಅಲ್ಲ. ನೌಕರಿ ಹೋಗಾಂಗಿಲ್ಲ, ಪಗಾರ ನಿಲ್ಲಾಂಗಿಲ್ಲ, ಅದು ಶಿಕ್ಷಾ ಅಲ್ಲ. ಅಲ್ಲಿಗಿ ಬಂದವರಾಗ ಬಹಳ ಮಂದಿ ಹಂಗೇ ಹೊಳ್ಳತಾರ, ಆ ಪರೀಕ್ಷಾ ಇಟ್ಟಿದ್ದೇ ಬಹಳ ಮಂದಿಗಿ ಹೊಳ್ಳಸಲಿಕ್ಕೆ. ಪ್ರೊಬೇಷನ್ ಮುಗಿಸಿದವರಿಗಿ ಮರೂನ್ ಟೋಪಿ ಸಿಗ್ತದ. ಆಗ್ರಾದ ಪ್ಯಾರಾಶೂಟ್ ಸಾಲಿಯೊಳಗ ಐದು ಜಿಗತ, ಅದರಾಗ ಒಂದು ರಾತ್ರೀದು, ಹಾಕಿದ ಮ್ಯಾಲ ರೆಕ್ಕಿ ಬ್ಯಾಜ್. ಬಲಿದಾನ್ ಬ್ಯಾಜ್ ಎಸ್‌ಎಫ್‌ನವರದು. ಇವೆಲ್ಲಾ ನೀ ಮೊಬೈಲಿನ್ಯಾಗ ನೋಡಿರ್ತಿ. ಹೊಳ್ಳಿ ಹೋದವರ ಚಿತ್ರ ಮಾತ್ರ ಯಾರೂ ಹಾಕಾಂಗಿಲ್ಲ, ಅದಕ್ಕೇ ನಿನಗ ಅದು ಅಷ್ಟು ದೊಡ್ಡದಾಗಿ ಕಾಣ್ತದ.

ಈಗ ಕಾಲು. ಕುಂತು ಮೊಣಕಾಲ ಕೆಳಗಿನ ಎಲುಬಿನ ಒಳಗಿನ ಅಂಚಿಗಿ ಒಂದೇ ಬೆರಳಿಂದ ಒತ್ತಿ ನೋಡು. ನಾಲ್ಕೈದು ಬೆರಳ ಉದ್ದಕ್ಕೂ ನೋವಿದ್ದು, ಓಡಲಿಕ್ಕೆ ಹತ್ತಿದ ಮ್ಯಾಲ ಜರಾ ಕಮ್ಮಿ ಆಗ್ತದ ಅಂದ್ರ ಬಹುತೇಕ ಶಿನ್ ಸ್ಪ್ಲಿಂಟ್, ಅಂದ್ರ ಓಟ ಹೆಚ್ಚಾಗಿ ಬರೂ ಎಲುಬಿನಂಚಿನ ನೋವು. ಓಟ ಕಡಿಮಿ ಮಾಡಿದ್ರ ವಾಸಿ ಆಗ್ತದ. ಒಂದು ರೂಪಾಯಿ ನಾಣ್ಯದಷ್ಟು ಜಾಗದಾಗೇ ಚುಚ್ಚತದ, ಒಂಟಿ ಕಾಲಿನ ಮ್ಯಾಲ ಕುಪ್ಪಳಿಸಿದ್ರ ಹೆಚ್ಚಾಗ್ತದ, ರಾತ್ರಿ ಮಲಗಿದಾಗಲೂ ಇರ್ತದ ಅಂದ್ರ ಎಲುಬಿನಾಗ ಸಣ್ಣ ಬಿರುಕು ಇರಬಹುದು. ಅದರ ಮ್ಯಾಲ ಒಂದು ಹೆಜ್ಜಿನೂ ಓಡಬ್ಯಾಡ. ಕಲಬುರಗಿಯ ಗಿಮ್ಸ್ ದವಾಖಾನ್ಯಾಗ ಎಲುಬಿನ ಡಾಕ್ಟರಿಗಿ ತೋರಸು. ಮೊದಲ ಎರಡು ಮೂರು ವಾರ ಎಕ್ಸ್‌ರೇದಾಗ ಬಿರುಕು ಕಾಣದೇ ಇರಬಹುದು, ‘ಏನಿಲ್ಲ’ ಅಂತ ಕಳಸಿದ್ರ ಖುಷಿ ಪಟ್ಟು ಮರುದಿನ ಓಡಲಿಕ್ಕೆ ಹೋಗಬ್ಯಾಡ. ನೋವು ಹಂಗೇ ಇದ್ರ ಎಂಆರ್‌ಐ ಬೇಕು ಅಂತ ಕೇಳು. ನೋವು ತೊಡಿ ಸಂದಿಯೊಳಗ ಬಂದ್ರಂತೂ ಅವತ್ತೇ ಹೋಗು, ಕಾಲ ಮ್ಯಾಲ ಭಾರ ಹಾಕದಂಗ ಹೋಗು. ಅಲ್ಲಿ ಬಿರುಕು ಪೂರಾ ಮುರದ್ರ ಆಪರೇಷನ್.

ಹಿಂಗ ಯಾಕ ಆಗ್ತದ ಅಂದ್ರ, ಭಾರ ಹೆಚ್ಚಾದಾಗ ಎಲುಬು ಮೊದಲ ಹಳೇದು ಕರಗಸ್ತದ, ಆಮ್ಯಾಲ ಹೊಸದು ಕಟ್ಟತದ. ನಡಬರಕ ಕೆಲವು ವಾರ ಅದು ಬಲಾ ಇಲ್ಲದಂಗ ಇರ್ತದ. ಉಸಿರು, ಮಾಂಸಖಂಡ ಬೇಗ ತಯಾರಾಗತಾವ, ಎಲುಬು ಹಿಂದ ಉಳೀತದ. ಅದಕ್ಕೇ ಮೂರನೇ, ನಾಲ್ಕನೇ ವಾರದಾಗ ‘ಈಗ ಬಲಾ ಬಂತು’ ಅಂತ ಅನಿಸ್ತದ, ಆಗೇ ಮುರೀತದ. ನೀ ಸೇಡಂ ರೋಡಿನ ಡಾಂಬರಿನ ಮ್ಯಾಲ ದಿನಾ 10 ಕಿಲೋಮೀಟರ್ ಓಡ್ಲಿಕತ್ತಿದಿ. ವಾರಕ್ಕ ಹತ್ತು ಪರ್ಸೆಂಟ್‌ಗಿಂತ ಹೆಚ್ಚಿಸಬಾರದು, ಒಂದು ದಿನಾನಾದ್ರೂ ಪೂರಾ ಬಿಡಬೇಕು. ಡಾಂಬರ್ ಬಿಟ್ಟು ಎರಿ ಹೊಲಕ್ಕ ಇಳಿಬ್ಯಾಡ ಮತ್ತ, ಬ್ಯಾಸಿಗ್ಯಾಗ ಬಾಯಿ ಬಿಟ್ಟ ನೆಲದಾಗ ಹಿಮ್ಮಡ ತಿರುಗ್ತದ. ಕ್ರೀಡಾಂಗಣದ ಮಣ್ಣಿನ ಟ್ರ್ಯಾಕ್ ಚೊಲೋ.

ನಮ್ಮ ಕಾಲಕ್ಕ ಕಾಲುನೋವು ಅಂದವಗ ಕಳ್ಳಾಟ ಅಂತಿದ್ರು. ಆ ಮಾತಿಗಿ ಅಂಜಿ ಸುಮ್ಮನಿದ್ದು ಕಾಲು ಮುರಕೊಂಡವರು ಎಷ್ಟೋ ಮಂದಿ. ಅವರಿಗಿ ಎಲುಬಿನ ಈ ಲೆಕ್ಕ ಯಾರೂ ಹೇಳಲಿಲ್ಲ. ಇಷ್ಟು ವರ್ಷ ಆದ್ರೂ ಆ ಕೊರಗು ನನಗ ಹೋಗಿಲ್ಲ.

ನಿನ್ನ ಸಾಲು ಓದಿ ನಾ ಅಂಜಿದ್ದೂ ಇದಕ್ಕೇ. ನಾಚಿಕಿ ಅನ್ನೂದು ಮನಸ್ಸಿನಾಗ ಸುಮ್ಮನ ಕುಂಡ್ರಾಂಗಿಲ್ಲ, ಗುಳಿಗಿ ತಗೋ ಅಂತದ. ಭರ್ತಿ ರ‍್ಯಾಲಿ ದಿನ ಮೆಡಿಕಲ್ ಅಂಗಡ್ಯಾಗ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿಸ್ಕೊಂಡು ಓಡೂ ಹುಡುಗ್ರು ಹಾರ. ನೋವು ಮುಚ್ಚತದ, ಬಿರುಕು ಮುಚ್ಚಾಂಗಿಲ್ಲ. ಮೈಯಾಗ ನೀರು ಕಮ್ಮಿ ಇದ್ದಾಗ ಆ ಔಷಧ ಮೂತ್ರಪಿಂಡಕ್ಕ ಹೋಗೂ ರಕ್ತಾನೇ ಕಮ್ಮಿ ಮಾಡ್ತದ. ಹಂಗೇ ತಾಲೀಮಿನ್ಯಾಗ ಪಂತ ಕಟ್ಟಿ ರೂಢಿ ಇಲ್ಲದ ಮೈಗಿ ಒಮ್ಮೆಗೇ 500 ಬೈಠಕ್ ಹೊಡಿತಾರ. ಮರುದಿನ ತೊಡಿ ಬಾತು, ಉಚ್ಚಿ ಚಾದ ಬಣ್ಣಕ್ಕ ಬಂದ್ರ ಅದು ಸುಸ್ತಲ್ಲ, ಮಾಂಸಖಂಡ ಒಡದು ರಕ್ತದಾಗ ಸೇರಿದ್ದು. ನೇರ ದವಾಖಾನಿಗಿ ಹೋಗು. ‘ಎರಡು ದಿನ ನೋಡಮು’ ಅಂದ್ರ ಡಯಾಲಿಸಿಸ್ ತನಕ ಹೋಗ್ತದ.

ಬಿಸಿಲಿನ ಸಂಗತಿ ಕಲಬುರಗಿ ಹುಡುಗಗ ಏನು ಹೇಳೂದು ಅಂತೀ. ಆದ್ರೂ ಹೇಳತೀನಿ, ಯಾಕಂದ್ರ ನಮ್ಮ ಕಡಿಯವರಿಗೇ ‘ನಮಗ ಬಿಸಿಲು ರೂಢಿ’ ಅನ್ನೂ ಧೈರ್ಯ ಹೆಚ್ಚು. ನೆರಳಿನ್ಯಾಗ ಕುಂತಾಗಿನ ರೂಢಿ ಬ್ಯಾರೆ, ಓಡೂ ಮೈಯ ರೂಢಿ ಬ್ಯಾರೆ. ಅದಕ್ಕ 10ರಿಂದ 14 ದಿನ ಸ್ವಲ್ಪ ಸ್ವಲ್ಪ ಹೆಚ್ಚಿಸ್ಕೋತ ಹೋಗಬೇಕು. ಲೂ ಬಡದವಗ ಬೆವರು ನಿಲ್ತದ ಅಂತ ಎಲ್ಲರೂ ತಿಳಕೊಂಡಾರ. ಓಡ್ಕೋತ ಬಿದ್ದವಗ ಬೆವರು ಇದ್ದೇ ಇರಬಹುದು. ನೋಡಬೇಕಾದ್ದು ಮಾತು: ತೊದಲಿದ್ರ, ಅಡ್ಡಾದಿಡ್ಡಿ ಮಾತಾಡಿದ್ರ, ಹಾದಿ ತಪ್ಪಿ ನಡದ್ರ ಅಲ್ಲೇ ಮಲಗಿಸಿ ಕತ್ತಿನ ತನಕ ತಣ್ಣೀರಿನ್ಯಾಗ ಇಡಬೇಕು, ತಲಿ ಹಿಡಕೊಂಡಿರಬೇಕು. ಅದು ಆಗದಿದ್ರ ಹಸಿ ಬಟ್ಟಿ ಮ್ಯಾಲ ನೀರು ಸುರುವಿ ಗಾಳಿ ಬೀಸಬೇಕು. ಮೊದಲ ತಂಪು, ಆಮ್ಯಾಲ ಗಾಡಿ. ಪ್ಯಾರಾಸಿಟಮಾಲ್ ಇದಕ್ಕ ನಡಿಯಾಂಗಿಲ್ಲ. ಎಚ್ಚರಿಲ್ಲದವಗ ಬಾಯಿಗಿ ನೀರು ಹಾಕಬ್ಯಾಡ. ಇಲ್ಲೂ ಮುಖ್ಯ ಮಾತು ಅದೇ: ಬೀಳೂಕಿಂತ ಮೊದಲ ‘ನನಗ ಆಗವಲ್ದು’ ಅನ್ನಲಿಕ್ಕೆ ನಾಚಿದಾವೇ ಬೀಳ್ತಾನ.

ರ‍್ಯಾಲಿದು ನಿನಗೇ ಹೆಚ್ಚು ಗೊತ್ತದ, ಹೇಳಿದ್ರ ತಪ್ಪು ತಿಳಕೋಬ್ಯಾಡ. 1.6 ಕಿಲೋಮೀಟರ್ 5 ನಿಮಿಷ 30 ಸೆಕೆಂಡಿನ್ಯಾಗ ಮುಗಿಸಿದ್ರ 60 ಅಂಕ. 400 ಮೀಟರಿನ ಟ್ರ್ಯಾಕಿನ್ಯಾಗ ನಾಲ್ಕು ಸುತ್ತು, ಸುತ್ತಿಗಿ 82 ಸೆಕೆಂಡ್. ಗದ್ದಲದಾಗ ಮೊದಲ ಸುತ್ತು 70ಕ್ಕ ಓಡಿದವರೆಲ್ಲಾ ಮೂರನೇ ಸುತ್ತಿನ್ಯಾಗ ಕಾಲು ಕಟ್ಟಿ ನಿಲ್ತಾರ. ಬೀಮ್, ಅಂದ್ರ ಕಂಬಿ ಹಿಡದು ಮೈ ಮ್ಯಾಲ ಎಳಿಯೂದು, 10 ಆದ್ರ 40 ಅಂಕ, 6 ಆದ್ರ 16. ಮನ್ಯಾಗ ಒಮ್ಮೆಗೇ ಸೋಲೂ ತನಕ ಎಳೀಬ್ಯಾಡ, ಆಗೂದರ ಅರ್ಧದಷ್ಟೇ ದಿನಕ್ಕ ಐದಾರು ಸಲ ಎಳಿ. ಬೆನ್ನಿಗಿ ಭಾರ ಕಟ್ಟಿ ಓಡೂದು ಈಗ ಬ್ಯಾಡೇ ಬ್ಯಾಡ. ಕಾಲು ವಾಸಿ ಆದ ಮ್ಯಾಲ 5 ಕಿಲೋದಿಂದ, ನಡಕೋತ, ಭಾರ ಬೆನ್ನಿನ ಮ್ಯಾಲಭಾಗಕ್ಕ ಅಂಟಿದಂಗ. ಈಜು ಕಲಿ, ನಮ್ಮ ಭಾಗದ ಹುಡುಗರು ಹಿಂದ ಬೀಳೂದು ಅದರಾಗೇ. ಭೀಮಾ ನದ್ಯಾಗ ಬ್ಯಾಡ, ಉಸುಕು ತಗದ ಗುಂಡಿ ನೀರಾಗ ಕಾಣಾಂಗಿಲ್ಲ.

ಊರಿಗಿ ಬರೂದು ಅಂತ ಖರೇ ವಿಚಾರ ಮಾಡೂದಿದ್ರ ಅದು ಪ್ರೊಬೇಷನ್ ಅಲ್ಲ, ನಾಲ್ಕು ವರ್ಷದ ನೌಕರಿ ಮುಗದ ಮ್ಯಾಲಿನ ಮಾತು. 2022ರ ಅಗ್ನಿಪಥದ ಲೆಕ್ಕದಾಗ ನೂರಕ್ಕ 25 ಮಂದಿ ತನಕ ಉಳಿಸ್ಕೋತಾರ, ಬಾಕಿಯವರು ಹೊರಗ. ಮೊದಲ ವರ್ಷ ತಿಂಗಳಿಗಿ 30,000, ಅದರಾಗ 9,000 ನಿಧಿಗಿ ಹೋಗಿ ಕೈಗಿ 21,000. ಕೊನೀಗಿ ಸೇವಾ ನಿಧಿ ಬಡ್ಡಿ ಸೇರಿ ಸುಮಾರು 11.71 ಲಕ್ಷ, ಪಿಂಚಣಿ ಇಲ್ಲ. ನಾಲ್ಕರಾಗ ಮೂವರು ಹಿಂಗ ಬರ್ತಾರ ಅಂದ ಮ್ಯಾಲ ಅದಕ್ಕೊಂದು ಮುಖ ಬ್ಯಾರೆ ಯಾಕ ಬೇಕು? ಬೇಕಾಗೂದು ಓದು. ಡಿಗ್ರಿ ಅರ್ಧಕ್ಕ ಬಿಡಬ್ಯಾಡ. ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ದಳ) ಅಂತ ಬರದಿಯಲ್ಲ, ಅಲ್ಲಿಗಿ ಸೀದಾ ಭರ್ತಿ ಇಲ್ಲ, ಸೇನಾ ಇಲ್ಲಾ ಕೇಂದ್ರ ಪೊಲೀಸ್ ಪಡಿಯಿಂದ ಡೆಪ್ಯುಟೇಷನ್ ಮ್ಯಾಲೇ ಹೋಗೂದು. ಸಿಆರ್‌ಪಿಎಫ್ ಸೇರಿದವರಿಗಿ ಕೋಬ್ರಾ ಕಮಾಂಡೊ ಪಡಿ ಅದ. ನೌಕಾಪಡ್ಯಾಗ ಮಾರ್ಕೋಸ್, ವಾಯುಪಡ್ಯಾಗ ಗರುಡ. ಹಾದಿ ಒಂದೇ ಅಂತ ತಿಳಕೊಂಡಿದ್ದಕ್ಕೇ ನಿನ್ನ ಅಂಜಿಕಿ ಇಷ್ಟು ಬೆಳದದ.

ಇನ್ನೊಂದು, ಕಾಗದ ಪತ್ರದ್ದು. ನಮ್ಮ ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲಾ ಬೆಳಗಾವಿ ಭರ್ತಿ ಕಚೇರಿಗಿ ಬರ್ತಾವ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಸರ್ಟಿಫಿಕೇಟ್ ಅಲ್ಲಿ ನಡಿಯಾಂಗಿಲ್ಲ, ಅದು ರಾಜ್ಯದ ನೌಕರಿ, ಕಾಲೇಜಿಗಷ್ಟೇ. ಆಧಾರದಾಗಿನ ಹೆಸರು, ತಂದಿ ಹೆಸರು, ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಸಂಗಾಟ ಅಕ್ಷರಕ್ಕ ಅಕ್ಷರ ಕೂಡಬೇಕು. ಕೂಡದಿದ್ರ ಈಗೇ ತಿದ್ದಿಸು. ಕಿವಿಯ ಗುಗ್ಗಿ, ಹಲ್ಲಿನ ಕರಿ ಮೊದಲೇ ತಗಿಸ್ಕೋ. ಮೆಡಿಕಲ್‌ದಾಗ ಅನ್‌ಫಿಟ್ ಅಂದ್ರ ಅಲ್ಲಿಗೇ ಬಿಟ್ಟು ಬರಬ್ಯಾಡ, ಮಿಲಿಟರಿ ದವಾಖಾನ್ಯಾಗ ರಿವ್ಯೂ ಕೇಳಲಿಕ್ಕೆ ಬರ್ತದ, ಅದರ ಗಡುವು ಎಷ್ಟು ದಿನ ಅಂತ ಅಲ್ಲೇ ಕೇಳ್ಕೊಂಡು ಬರ್ಕೋ.

ಎಲುಬಿನ ಡಾಕ್ಟರ್ ಏನಂದ್ರು ಅನ್ನೂದು ಅವತ್ತೇ ಸಂಜಿಗಿ ಫೋನ್ ಹಚ್ಚಿ ಹೇಳು.

ನಿನ್ನ ಮಾಮಾ