ಆರು ಗುರುವಾರ, ಒಂದು ಭಾನುವಾರ

ಐದನೇ ತರಗತಿಯ ಪೋಷಕರಿಗೆ,

ನಮಸ್ಕಾರ.

ಹೋದ ವಾರ ಶಾಲೆಯ ಫೋನು ಸ್ವಲ್ಪ ಜಾಸ್ತಿಯೇ ಬಡಿದುಕೊಂಡಿತು. "ಮೇಡಂ, ಮಗಳು ರಾತ್ರಿ ಎರಡು ಸಲ ಎದ್ದು ಕೂತಳು. ಗೊಂಬೆಯನ್ನ ಮರಕ್ಕೆ ನೇಣು ಹಾಕಿದ್ರಂತೆ. ಇದೆಂಥ ಕಥೆ?" ಎಂದು ಒಬ್ಬ ತಾಯಿ ಕೇಳಿದರು. ಇನ್ನೊಬ್ಬರು ಡೈರಿಯಲ್ಲಿ ಬರೆದು ಕಳಿಸಿದರು: "ಪಂಚತಂತ್ರ ಇರುವಾಗ ಇಟಲಿಯ ಕಥೆ ಯಾಕೆ?" ಎರಡೂ ಕೇಳಬೇಕಾದ ಪ್ರಶ್ನೆಗಳೇ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಶನಿವಾರದ ಕಥೆ ಪೀರಿಯಡ್‌ನಲ್ಲಿ ನಾನು ಪಿನೋಕಿಯೊ ಓದಿ ಹೇಳುತ್ತಿದ್ದೇನೆ. ಸುಳ್ಳು ಹೇಳಿದರೆ ಮೂಗು ಉದ್ದವಾಗುವ ಮರದ ಗೊಂಬೆ ಅಂದರೆ ನಿಮಗೆ ಗೊತ್ತಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ನೋಡಿರುವುದು 1940ರ ಡಿಸ್ನಿ ಸಿನಿಮಾ. ಅದರಲ್ಲಿ ಬುದ್ಧಿ ಹೇಳುವ ಜೀರುಂಡೆ ಕೊನೆವರೆಗೂ ಜೊತೆಗಿರುತ್ತದೆ, ಹಾಡುತ್ತದೆ. ಪುಸ್ತಕದಲ್ಲಿ ಹಾಗಲ್ಲ. ನಾಲ್ಕನೇ ಅಧ್ಯಾಯದಲ್ಲೇ ಗೊಂಬೆ ಸುತ್ತಿಗೆ ಬೀಸುತ್ತದೆ, ಜೀರುಂಡೆ ಗೋಡೆಗೆ ಅಂಟಿಕೊಂಡು ಸಾಯುತ್ತದೆ. ಬುದ್ಧಿಮಾತು ಕೇಳಿ ಕೇಳಿ ಸಾಕಾದ ನಮ್ಮ ಮಕ್ಕಳು ಆಗ ನಕ್ಕಿದ್ದನ್ನು ನೀವು ಕೇಳಬೇಕಿತ್ತು.

ಇನ್ನು ನೇಣಿನ ವಿಷಯ. ಈ ಕಥೆ 1881ರ ಜುಲೈಯಲ್ಲಿ ಇಟಲಿಯ ಮಕ್ಕಳ ಪತ್ರಿಕೆಯೊಂದರಲ್ಲಿ ಕಂತು ಕಂತಾಗಿ ಶುರುವಾಯಿತು. ಬರೆದವರು ಫ್ಲಾರೆನ್ಸ್‌ನ ಕಾರ್ಲೊ ಲೊರೆಂಜೀನಿ. ತಾಯಿಯ ಊರು ಕೊಲ್ಲೋಡಿ. ಅದನ್ನೇ ಕಾವ್ಯನಾಮ ಮಾಡಿಕೊಂಡಿದ್ದರು. ಹದಿನೈದನೇ ಅಧ್ಯಾಯದಲ್ಲಿ ಗೊಂಬೆಯನ್ನು ದೊಡ್ಡ ಓಕ್ ಮರಕ್ಕೆ ನೇತುಹಾಕಿ, ಇಲ್ಲಿಗೆ ಮುಗಿಯಿತು ಎಂದು ಕೈತೊಳೆದುಕೊಂಡರು. ಓದುವ ಮಕ್ಕಳು ಬಿಡಬೇಕಲ್ಲ! 1882ರಲ್ಲಿ ಮತ್ತೆ ಶುರುಮಾಡಬೇಕಾಯಿತು. ನೀಲಿ ಕೂದಲಿನ ಹುಡುಗಿ ಗೊಂಬೆಯನ್ನು ಮರದಿಂದ ಇಳಿಸಿ ತರಿಸಿದಳು, ಕಥೆ 36 ಅಧ್ಯಾಯದವರೆಗೆ ಬೆಳೆಯಿತು. ತಪ್ಪು ನನ್ನದೇ. ಬೆಲ್ ಹೊಡೆದಾಗ ಸರಿಯಾಗಿ ಆ ಮರದ ಕೆಳಗೇ ನಿಲ್ಲಿಸಿಬಿಟ್ಟೆ. ಕೊಲ್ಲೋಡಿ ಮಕ್ಕಳನ್ನು ಮೂರು ತಿಂಗಳಿಗೂ ಹೆಚ್ಚು ಕಾಯಿಸಿದ್ದರು. ನಾನು ಬರೀ ಒಂದು ವಾರ ಅಂದುಕೊಂಡಿದ್ದೆ. ಒಂದು ರಾತ್ರಿಯೂ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ರಾತ್ರಿ ಎದ್ದು ಕೂತ ನಮ್ಮ ಹುಡುಗಿಯನ್ನು ಸೋಮವಾರ ಕರೆದು ಗೊಂಬೆ ಬದುಕಿದೆ ಎಂದು ಹೇಳಿದ್ದೇನೆ. ಆದರೆ ಆ ಅಧ್ಯಾಯ ಬಿಟ್ಟು ಓದುವುದಿಲ್ಲ.

ಪಂಚತಂತ್ರವನ್ನೂ ಬಿಟ್ಟಿಲ್ಲ, ಜೂನ್‌ನಲ್ಲಿ ಓದಿದೆವು. ಪಿನೋಕಿಯೊ ಯಾಕೆ ಅಂದರೆ ತೇಪೆ ಹಾಕಿದ ಕೋಟೊಂದಕ್ಕಾಗಿ.

ಗೊಂಬೆ ಕೆತ್ತಿದ ಜೆಪೆಟ್ಟೊ ಬಡವ. ಅವನ ಮನೆಗೋಡೆಯಲ್ಲಿ ಉರಿಯುವ ಒಲೆ ಇದೆ, ಕುದಿಯುವ ಪಾತ್ರೆ ಇದೆ, ಹಬೆಯೂ ಇದೆ. ಎಲ್ಲವೂ ಬಣ್ಣದಲ್ಲಿ ಬರೆದ ಚಿತ್ರ! ಹಸಿದ ಪಿನೋಕಿಯೊ ಓಡಿಹೋಗಿ ಮುಚ್ಚಳ ತೆಗೆಯಲು ನೋಡುತ್ತಾನೆ. ಶಾಲೆಗೆ ಹೋಗುತ್ತೇನೆ ಅಂದಾಗ ಅಕ್ಷರ ಕಲಿಯುವ ಪುಸ್ತಕ ಬೇಕು, ನಮ್ಮ ಕಾಗುಣಿತದ ಪುಸ್ತಕ ಇದ್ದ ಹಾಗೆ. ಜೆಪೆಟ್ಟೊ ತೇಪೆ ಹಾಕಿದ ಕೋಟು ತೊಟ್ಟು ಹೊರಗೆ ಹೋಗುತ್ತಾನೆ. ವಾಪಸ್ ಬಂದಾಗ ಕೈಯಲ್ಲಿ ಪುಸ್ತಕ, ಮೈಮೇಲೆ ಬರೀ ಅಂಗಿ. ಹೊರಗೆ ಹಿಮ ಬೀಳುತ್ತಿದೆ. ಕೋಟು ಎಲ್ಲಿ ಅಂದರೆ "ಮಾರಿದೆ". ಯಾಕೆ ಅಂದರೆ "ಸೆಕೆ ಆಗ್ತಿತ್ತು".

ಹಿಮ ನಿಂತ ಮೇಲೆ ಶಾಲೆಯ ದಾರಿಯಲ್ಲಿ ಪೀಪಿ, ಡೋಲಿನ ಸದ್ದು ಕೇಳುತ್ತದೆ. ಗೊಂಬೆಯಾಟ ನೋಡಲು ಪಿನೋಕಿಯೊ ನಾಲ್ಕು ಕಾಸಿಗೆ ಆ ಪುಸ್ತಕ ಮಾರಿಬಿಡುತ್ತಾನೆ. ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಮೇಡಂ, ಅವರಪ್ಪನಿಗೆ ಕೋಟು ವಾಪಸ್ ಸಿಗುತ್ತಾ?" ನಾನು ಹೇಳಲಿಲ್ಲ.

ಯುರೋಪ್ ಅಂದರೆ ನಮ್ಮ ಮಕ್ಕಳಿಗೆ ಟೀವಿಯಲ್ಲಿ ಕಾಣುವ ಐಫೆಲ್ ಟವರ್, ಚಾಕೊಲೇಟು, ಫುಟ್‌ಬಾಲು. ಇಟಲಿ ಒಂದು ದೇಶವಾದದ್ದು 1861ರಲ್ಲಿ. ಆಗ ಅಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಓದು ಬರಹ ಬರುತ್ತಿರಲಿಲ್ಲ. 6ರಿಂದ 9 ವರ್ಷದ ಮಕ್ಕಳು ಶಾಲೆಗೆ ಹೋಗಲೇಬೇಕು ಎಂಬ ಕಾನೂನು ಬಂದದ್ದು 1877ರಲ್ಲಿ, ಈ ಕಥೆಗೆ ನಾಲ್ಕೇ ವರ್ಷ ಮೊದಲು. ಕಾನೂನೇನೋ ಬಂತು, ಪುಸ್ತಕಕ್ಕೆ ಕಾಸು ಎಲ್ಲಿಂದ ತರಬೇಕು? ಇದನ್ನು ಪಾಠ ಮಾಡಿದರೆ ಮಕ್ಕಳು ಆಕಳಿಸುತ್ತಾರೆ. ಕೋಟಿನ ಕಥೆ ಹೇಳಿದರೆ ಅವರೇ ಕೇಳುತ್ತಾರೆ.

ಮುಂದಿನ ವಾರ ಆಟಿಕೆಗಳ ನಾಡು ಬರುತ್ತದೆ. ಅಲ್ಲಿ ಶಾಲೆಯಿಲ್ಲ, ಮಕ್ಕಳು ಆಡಿ ಆಡಿ ಕೊನೆಗೆ ನಿಜವಾದ ಕತ್ತೆಗಳಾಗುತ್ತಾರೆ. ಓದದ ಹುಡುಗರನ್ನು ಕತ್ತೆ ಅನ್ನುವುದು ಅಲ್ಲೂ ಉಂಟು, ಇಲ್ಲೂ ಉಂಟು ಅಲ್ವಾ? ಮನೆಯಲ್ಲಿ ಈ ತಿಂಗಳಾದರೂ ಆ ಪದ ಬೇಡ. ಸ್ಟಾಫ್ ರೂಮಿನಲ್ಲೂ ಹೇಳಿದ್ದೇನೆ.

ಕಥೆ ಮುಗಿಯುವವರೆಗೆ ದಯವಿಟ್ಟು ಸಿನಿಮಾ ತೋರಿಸಬೇಡಿ. ಮುಗಿದ ಮೇಲೆ ನಾವೇ 1972ರಲ್ಲಿ ಇಟಲಿಯ ಟೀವಿಯಲ್ಲಿ ಬಂದ ಧಾರಾವಾಹಿಯ ಒಂದೆರಡು ತುಣುಕು ತೋರಿಸುತ್ತೇವೆ. ಲುಯಿಜಿ ಕೊಮೆಂಚೀನಿ ನಿರ್ದೇಶಿಸಿದ್ದು. ಅದರಲ್ಲಿ ಗೊಂಬೆ ಮೊದಲೇ ಹುಡುಗನಾಗುತ್ತದೆ, ತಪ್ಪು ಮಾಡಿದಾಗ ಮತ್ತೆ ಮರವಾಗುತ್ತದೆ. ನನಗಂತೂ ಡಿಸ್ನಿಗಿಂತ ಇದೇ ಇಷ್ಟ. ಭಾಷೆ ಅರ್ಥವಾಗದಿದ್ದರೂ ಪರವಾಗಿಲ್ಲ, ಅಪ್ಪನ ಪಾತ್ರ ಮಾಡಿದ ನೀನೊ ಮನ್‌ಫ್ರೆದಿಯ ಮುಖ ನೋಡಿದರೆ ಸಾಕು.

ಮಕ್ಕಳ ಪಿನೋಕಿಯೊ ವೇಷಕ್ಕೆ ಹೊಸ ಬಟ್ಟೆ ಕೊಳ್ಳಬೇಡಿ. ಪುಸ್ತಕದ ಪಿನೋಕಿಯೊನದು ಹೂವಿನ ಚಿತ್ರದ ಕಾಗದದ ಅಂಗಿ, ಮರದ ತೊಗಟೆಯ ಚಪ್ಪಲಿ, ಬ್ರೆಡ್ಡಿನ ಟೋಪಿ. ಹಳೇ ಗಿಫ್ಟ್ ಪೇಪರ್, ಕ್ಯಾಲೆಂಡರ್ ಹಾಳೆ ಇದ್ದರೆ ಶುಕ್ರವಾರದೊಳಗೆ ಕಳಿಸಿ. ಬ್ರೆಡ್ ಬೇಡ, ಇರುವೆ ಬರುತ್ತವೆ.

ಕೊನೆಯದಾಗಿ, ಆಟಿಕೆಗಳ ನಾಡಿನಲ್ಲಿ ವಾರಕ್ಕೆ ಆರು ಗುರುವಾರ, ಒಂದು ಭಾನುವಾರ. ಆ ಕಾಲದಲ್ಲಿ ಇಟಲಿಯ ಶಾಲೆಗಳಿಗೆ ಗುರುವಾರ ರಜೆ ಇತ್ತು, ಅದಕ್ಕೆ. ಮುಂದಿನ ಅಧ್ಯಾಯಗಳನ್ನು ಯಾರೋ ಮೊದಲೇ ಓದಿಕೊಂಡು ಬಂದಿದ್ದಾರೆ. ನಿನ್ನೆ ನನ್ನ ಮೇಜಿನ ಮೇಲೆ ಒಂದು ಅರ್ಜಿ ಇತ್ತು, ಕ್ಲಾಸಿನವರೆಲ್ಲ ಸಹಿ ಹಾಕಿದ್ದರು. ಅವರು ಮನೆಯಲ್ಲಿ ಏನೇ ಹೇಳಲಿ, ಗುರುವಾರ ಶಾಲೆ ಇದೆ.

ನಿಮ್ಮ,
ಮುಖ್ಯ ಶಿಕ್ಷಕಿ