ರಾತ್ರಿ ಹತ್ತಾದ ಮೇಲೆ ನಮ್ಮನ್ನು ಮಲಗಲು ಬಿಡಿ: ಕೊಡಗಿನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ರಾತ್ರಿ 10 ಗಂಟೆಯ ಮೇಲೆ ನಮ್ಮೂರಿನ ಹೋಂಸ್ಟೇ ಅಂಗಳದಲ್ಲಿ ಸೌಂಡ್ ಬಾಕ್ಸ್ ಹಾಕುವುದನ್ನು ನಿಲ್ಲಿಸಿಕೊಡಿ. ಹೊಸ ಕಾನೂನು ಬೇಡ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಇದನ್ನು ಜಾರಿ ಮಾಡಬೇಕಾದವರು ಯಾರು ಎಂದು ಬರೆದಿರುವ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಎಂಬ ಮಾತೂ ಇದೆ. ಅದಕ್ಕೇ ಈ ಪತ್ರ ನಿಮಗೆ.

ನಮ್ಮದು ಮಡಿಕೇರಿ ತಾಲ್ಲೂಕಿನ ಒಂದು ಸಣ್ಣ ಊರು. ಮಧ್ಯೆ ಗದ್ದೆ ಬಯಲು, ಎರಡೂ ಕಡೆ ಏರಿನಲ್ಲಿ ಕಾಫಿ ತೋಟ. ಈ ಕಡೆ ನಮ್ಮ ಮನೆ, ಆ ಕಡೆ ಹೋಂಸ್ಟೇ. ಹಗಲಿನಲ್ಲಿ ಅಲ್ಲಿ ಕೂಗಿ ಕರೆದರೂ ನಮಗೆ ಸರಿಯಾಗಿ ಕೇಳಿಸುವುದಿಲ್ಲ. ರಾತ್ರಿ ಹಾಗಲ್ಲ. ತಣ್ಣನೆಯ ಗಾಳಿ ಬಯಲಿನಲ್ಲಿ ಕೆಳಗೆ ಕೂರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ. ಆಗ ಶಬ್ದ ಮೇಲಕ್ಕೆ ಹೋಗದೆ ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಕಿಟಕಿ ಮುಚ್ಚಿದರೆ ಹಾಡಿನ ಮಾತು ಕೇಳಿಸುವುದಿಲ್ಲ, ಆದರೆ ಆ ಗುದ್ದುವ ಸದ್ದು ಹೆಂಚಿನ ಮನೆಯೊಳಗೆ ಬಂದೇ ಬರುತ್ತದೆ. ಮೊದಲು ಶನಿವಾರ ಮಾತ್ರ ಇತ್ತು. ಆಮೇಲೆ ಶುಕ್ರವಾರವೂ ಸೇರಿತು. ಈಗ ಡಿಸೆಂಬರ್ ಬಂದರೆ ವಾರ ನೋಡುವ ಹಾಗೇ ಇಲ್ಲ.

ಸದ್ದೇ ಆಗದವರು ನಾವಲ್ಲ. ಹುತ್ತರಿ ರಾತ್ರಿ ಕದಿರು ತೆಗೆಯುವಾಗ ಕೋವಿ ಹಾರಿಸುತ್ತೇವೆ. ಮದುವೆಯಲ್ಲಿ ವಾಲಗಕ್ಕೆ ಕುಣಿಯುತ್ತೇವೆ. ಅದು ವರ್ಷಕ್ಕೆ ಒಂದೆರಡು ರಾತ್ರಿ, ಊರೇ ಎದ್ದಿರುವ ರಾತ್ರಿ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು ಎಂದು ನಿಯಮವೇ ಹೇಳುತ್ತದೆ. ಯಾರದ್ದೋ ಬರ್ತ್‌ಡೇ ಪಾರ್ಟಿ ಅದರಲ್ಲಿ ಬರುವುದಿಲ್ಲ.

ಇಷ್ಟು ವರ್ಷ ಸುಮ್ನೆ ಇದ್ದವಳು ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಕಳೆದ ಕರಿಮೆಣಸಿನ ಕುಯ್ಲಿನಲ್ಲಿ ನನ್ನ ಮೈದುನ ಏಣಿಯಿಂದ ಬಿದ್ದ.

ಶುಕ್ರವಾರ ರಾತ್ರಿಯೂ ಪಾರ್ಟಿ, ಶನಿವಾರ ರಾತ್ರಿಯೂ ಪಾರ್ಟಿ. ಶನಿವಾರದ್ದು ನಿಂತಾಗ ಬೆಳಗಿನ ಜಾವ 3 ದಾಟಿತ್ತು. ಭಾನುವಾರ ಯಾಕೆ ಕೆಲಸ ಎಂದು ನೀವು ಕೇಳಬಹುದು. ಕುಯ್ಲಿನ ಸಮಯದಲ್ಲಿ ಸಣ್ಣ ಬೆಳೆಗಾರರಿಗೆ ಭಾನುವಾರ ಇರುವುದಿಲ್ಲ. ಆಳು ಸಿಗುವುದಿಲ್ಲ, ಹಣ್ಣಾದ ಮೆಣಸು ಉದುರುತ್ತದೆ. ಮನೆಯವರೇ ಹತ್ತಬೇಕು. ಅವನು ಮೀಸೆ ಬರುವ ಮೊದಲೇ ಏಣಿ ಹತ್ತಲು ಕಲಿತವನು. ಕುಡಿಯುವುದಿಲ್ಲ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಹಗ್ಗ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಮೇಲೆ ಹೋದ. ಚೀಲ ತುಂಬಾ ಕುಯ್ದ. ಇಳಿಯುವಾಗ ಮೆಟ್ಟಿಲು ಇದ್ದ ಕಡೆ ಕಾಲು ಇಡಲಿಲ್ಲ, ಪಕ್ಕದಲ್ಲಿ ಇಟ್ಟ. ಆಗ ಕೈ ತಕ್ಷಣ ಬಿಗಿಯಬೇಕು. ಬಿಗಿಯುವುದು ತಡವಾಯಿತು. ನಾನು ಕೆಳಗೆ ಉದುರಿದ ಮೆಣಸು ಆರಿಸುತ್ತಿದ್ದೆ. ನನ್ನ ಕಣ್ಣೆದುರಿಗೇ ಬಿದ್ದ.

ಬಲಗೈ ಮಣಿಕಟ್ಟು ಮುರಿಯಿತು. ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಆ ವರ್ಷದ ಮೆಣಸು ಅರ್ಧ ಮರದಲ್ಲೇ ಉಳಿಯಿತು. ಈಗಲೂ ಆ ಕೈಯಲ್ಲಿ ಕತ್ತಿ ಹಿಡಿದರೆ ಮೊದಲಿನ ಬಿಗಿ ಇಲ್ಲ.

ಆಸ್ಪತ್ರೆ ಚೀಟಿಯಲ್ಲಿ ಏಣಿಯಿಂದ ಬಿದ್ದದ್ದು ಎಂದು ಬರೆದರು. ನೋಡಲು ಬಂದವರೆಲ್ಲ ಕಾಲು ಜಾರಿತಂತೆ ಅಂದರು. ಕಾಲು ಜಾರಲಿಲ್ಲ. ಏಣಿ ಒಣಗಿತ್ತು, ಮಳೆ ಇರಲಿಲ್ಲ. ಎರಡು ರಾತ್ರಿ ನಿದ್ದೆ ಇರಲಿಲ್ಲ, ಅಷ್ಟೇ. ಆದರೆ ಅದನ್ನು ಬರೆಯಲು ಯಾವ ಚೀಟಿಯಲ್ಲೂ ಜಾಗ ಇಲ್ಲ. ಹಾಗಾಗಿ ನಿಮ್ಮ ಮೇಜಿಗೆ ಬರುವ ಯಾವ ವರದಿಯಲ್ಲೂ ಇದು ಕಾಣುವುದಿಲ್ಲ.

ಅವನಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಸಂಜೆ ನಮ್ಮೆಜಮಾನ್ರು ಆ ಹೋಂಸ್ಟೇಗೆ ಹೋಗಿ ಮಾತಾಡಿದರು. ಬಂದ ಉತ್ತರ ಇದು: "ಗೆಸ್ಟ್‌ಗಳು ದುಡ್ಡು ಕೊಟ್ಟು ಬಂದಿರ್ತಾರೆ ಸಾರ್. ನಿದ್ದೆ ಬರದಿದ್ರೆ ಒಂದು ಮಾತ್ರೆ ತಗೊಳ್ಳಿ." ಬೆಳಗ್ಗೆ ಏಣಿ ಹತ್ತುವವರಿಗೆ, ವ್ಯಾನ್ ಓಡಿಸುವವರಿಗೆ ನಿದ್ದೆ ಮಾತ್ರೆ! ಎಷ್ಟೋ ನಿದ್ದೆ ಮಾತ್ರೆಗಳ ಮಂಪರು ಬೆಳಗ್ಗೆಯೂ ಇಳಿದಿರುವುದಿಲ್ಲ ಎಂದು ಆ ಮನುಷ್ಯನಿಗೆ ಯಾರು ಹೇಳಬೇಕು? ಸ್ವಾಮಿ, ಅವತ್ತಿನಿಂದ ನನ್ನ ಸಹನೆ ಮುಗಿದಿದೆ.

ನಿದ್ದೆ ಕೆಟ್ಟರೆ ಏನಾಗುತ್ತದೆ ಎಂದು ಆಮೇಲೆ ಕೂತು ಓದಿದೆ. ಓದಿದಷ್ಟೂ ಹೆದರಿಕೆ ಜಾಸ್ತಿಯಾಯಿತು. ಒಂದು ರಾತ್ರಿ ನಿದ್ದೆಗೆಟ್ಟರೆ ತೋಳಿನ ಬಲ ಅಷ್ಟೇನೂ ಕುಗ್ಗುವುದಿಲ್ಲವಂತೆ. ಮೂಟೆ ಎತ್ತಬಹುದು, ಮರ ಹತ್ತಬಹುದು. ಅದೇ ಮೋಸ. ಮೊದಲು ಕೆಡುವುದು ಬಲ ಅಲ್ಲ, ಹದ. ಕಣ್ಣು, ಒಳಕಿವಿ, ಅಂಗಾಲು, ಕೀಲುಗಳು ಕಳಿಸುವ ಸುದ್ದಿಯನ್ನೆಲ್ಲ ಜೋಡಿಸಿ ಮೆದುಳು ದೇಹವನ್ನು ನೆಟ್ಟಗೆ ನಿಲ್ಲಿಸುತ್ತದೆ. ನಿದ್ದೆ ಇಲ್ಲದಾಗ ಆ ಜೋಡಣೆ ತಡವಾಗುತ್ತದೆ, ನಿಂತಲ್ಲೇ ಮೈ ತೂಗುವುದು ಹೆಚ್ಚುತ್ತದೆ. ಕೈ ಕಾಲು ಪ್ರತಿಕ್ರಿಯಿಸುವುದು ನಿಧಾನವಾಗುತ್ತದೆ. ಮಧ್ಯೆ ಮಧ್ಯೆ ಕೆಲವು ಸೆಕೆಂಡು ಮೆದುಳು ತಾನಾಗಿಯೇ ನಿದ್ದೆಗೆ ಜಾರುತ್ತದೆ, ಕಣ್ಣು ತೆರೆದಿದ್ದರೂ.

1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ವಿಜ್ಞಾನಿಗಳು ಒಂದು ಪರೀಕ್ಷೆ ಪ್ರಕಟಿಸಿದರು. ಕಣ್ಣು ಮತ್ತು ಕೈಯ ಹೊಂದಾಣಿಕೆಯನ್ನು ಅಳೆಯುವ ಪರೀಕ್ಷೆ. ಒಂದೇ ಸಮ 17 ಗಂಟೆ ಎಚ್ಚರ ಇದ್ದವರ ಕೈ, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರ ಕೈಯಷ್ಟೇ ತಪ್ಪುತ್ತಿತ್ತು. 24 ಗಂಟೆ ಆದಾಗ ಅದು ಶೇಕಡಾ 0.10ರ ಮಟ್ಟಕ್ಕೆ ಹೋಯಿತು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಂನಲ್ಲಿ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಲೆಕ್ಕ ಹಾಕಿ ನೋಡಿ. ನಮ್ಮೂರಲ್ಲಿ ಜನ ಬೆಳಗ್ಗೆ 5ಕ್ಕೆ ಏಳುತ್ತಾರೆ. ರಾತ್ರಿ 10ಕ್ಕೆ ಸರಿಯಾಗಿ 17 ಗಂಟೆ ಆಗಿರುತ್ತದೆ. ಆ ಹೊತ್ತಿಗೇ ಅಲ್ಲಿ ಸೌಂಡ್ ಶುರುವಾಗುತ್ತದೆ.

ನಮ್ಮೆಜಮಾನ್ರು ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಾರೆ. ತಿರುವಿನ ರಸ್ತೆ, ಮಂಜು, ಒಂದು ಕಡೆ ಇಳಿಜಾರು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ವ್ಯಾನ್ 33 ಮೀಟರ್ ಮುಂದೆ ಹೋಗಿರುತ್ತದೆ. ನಮ್ಮ ರಸ್ತೆಯಲ್ಲಿ 33 ಮೀಟರ್ ನೇರ ಜಾಗ ಎಲ್ಲಿದೆ ಹೇಳಿ. ಪೊಲೀಸರು ಅವರ ಬಾಯಿಗೆ ಯಂತ್ರ ಇಟ್ಟು ಊದಿಸಿದರೆ ಸೊನ್ನೆ ಬರುತ್ತದೆ. ನಿದ್ದೆ ಇಲ್ಲದ್ದನ್ನು ಹಿಡಿಯುವ ಯಂತ್ರ ಯಾವ ಠಾಣೆಯಲ್ಲೂ ಇಲ್ಲ.

ಅಭ್ಯಾಸ ಆಗುತ್ತದೆ, ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನುವವರಿಗೂ ಒಂದು ಉತ್ತರ ಇದೆ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಯನ ಪ್ರಕಟವಾಯಿತು. ರಾತ್ರಿಗೆ ಆರು ಗಂಟೆಯಂತೆ 14 ದಿನ ಮಲಗಿದವರು, ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರಷ್ಟು ಮಂದವಾದರು. ಅದಕ್ಕಿಂತ ಕೆಟ್ಟದ್ದು, ತಾವು ಇಷ್ಟು ಮಂದವಾಗಿದ್ದೇವೆ ಎಂದು ಅವರಿಗೇ ಗೊತ್ತಾಗಲಿಲ್ಲ. ನನ್ನ ಮೈದುನನೂ ಅವತ್ತು ಬೆಳಗ್ಗೆ "ನಂಗೇನೂ ಆಗಿಲ್ಲ ಅತ್ತಿಗೆ" ಅಂದಿದ್ದ.

ಕಾಫಿ ಬೆಳೆಯುವವರು, ಒಂದು ಲೋಟ ಜಾಸ್ತಿ ಕುಡಿದು ಹೋಗಿ ಎಂದು ಹೇಳಿದವರೂ ಇದ್ದಾರೆ. ಇಂಗ್ಲೆಂಡಿನ ಲಫ್ಬರೋ ವಿಶ್ವವಿದ್ಯಾಲಯದವರು ಟೆನಿಸ್ ಆಟಗಾರರನ್ನು ಐದು ಗಂಟೆ ಮಾತ್ರ ಮಲಗಿಸಿ ಸರ್ವ್ ಮಾಡಿಸಿದರು. ಗುರಿ ತುಂಬಾ ತಪ್ಪಿತು. ಕೆಫೀನ್ ಕೊಟ್ಟರೂ ಸರಿಹೋಗಲಿಲ್ಲ.

ಮಗಳು ಹಾಕಿ ಆಡುತ್ತಾಳೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರು ಮಾಡಿದ ನಾಡು ಇದು. ನಮ್ಮ ಮಕ್ಕಳಿಗೆ ಸ್ಟಿಕ್ ಕೈಗೆ ಬಂದಾಗಿನಿಂದ ಅದೇ ಕನಸು. ಕೈಗೆ ಹೊಸದಾಗಿ ಕಲಿತ ಚಲನೆ ಗಟ್ಟಿಯಾಗುವುದೇ ಅವತ್ತಿನ ರಾತ್ರಿಯ ನಿದ್ದೆಯಲ್ಲಿ. ಕೋಚ್ ಸಂಜೆ ಕಲಿಸಿದ್ದನ್ನು ಆ ಸೌಂಡ್ ಬಾಕ್ಸ್ ರಾತ್ರಿಯೇ ಕಿತ್ತುಕೊಳ್ಳುತ್ತಿದೆ. ಭಾನುವಾರದ ಮ್ಯಾಚ್‌ನಲ್ಲಿ ಅವಳು ಸುಲಭದ ಪಾಸ್ ಬಿಟ್ಟಾಗ ಗ್ಯಾಲರಿಯಲ್ಲಿ ಬೈಯುವವರಿಗೆ ನಾನು ಏನು ಹೇಳಲಿ?

ದೂರು ಕೊಟ್ಟಿಲ್ಲ ಅನ್ನಬೇಡಿ. ಠಾಣೆಗೆ ಫೋನ್ ಮಾಡಿದರೆ ಜೀಪ್ ಬರುತ್ತದೆ, ಸೌಂಡ್ ಇಳಿಯುತ್ತದೆ. ಜೀಪ್ ತಿರುವು ದಾಟಿದ ಮೇಲೆ ಮತ್ತೆ ಏರುತ್ತದೆ. ಒಂದು ಕಚೇರಿಗೆ ಅರ್ಜಿ ಕೊಟ್ಟರೆ "ಡೆಸಿಬೆಲ್ ಎಷ್ಟಿತ್ತು, ಅಳೆದು ತನ್ನಿ" ಅಂದರು. ರಾತ್ರಿ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್ ಎಂದು ನನಗೂ ಗೊತ್ತು. ಆದರೆ 10 ಗಂಟೆಯ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದು ಎನ್ನುವುದಕ್ಕೆ ಅಳತೆ ಯಾಕೆ ಬೇಕು? ಗಡಿಯಾರ ಇದ್ದರೆ ಸಾಲದಾ? ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ, ಸರಿ. ಕ್ಯಾಂಪ್‌ಫೈರ್ ಹಾಕಿದ ಅಂಗಳ ಸಭಾಂಗಣ ಅಲ್ಲ. 2012ರಲ್ಲಿ ರಾಮಲೀಲಾ ಮೈದಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿದ್ದೆಯೂ ಬದುಕುವ ಹಕ್ಕಿನ ಭಾಗ ಎಂದಿದೆ. ಆ ಹಕ್ಕು ಏರಿನ ಈ ಕಡೆ ಇರುವವರಿಗೂ ಇದೆ.

ಪ್ರವಾಸಿಗರು ಬರಲಿ. ಆ ಹೋಂಸ್ಟೇಯಲ್ಲಿ ನಮ್ಮೂರಿನವರೇ ಅಡುಗೆ ಮಾಡುತ್ತಾರೆ, ಅವರ ಸಂಬಳ ನಿಲ್ಲಬೇಕು ಎಂದು ನಾನು ಯಾವತ್ತೂ ಅಂದಿಲ್ಲ. ಬಂದವರು 10ರವರೆಗೆ ಕುಣಿಯಲಿ, ಆಮೇಲೆ ಬೆಂಕಿ ಮುಂದೆ ಕೂತು ಮಾತಾಡಲಿ. ಸೌಂಡ್ ಬಾಕ್ಸ್ ಮಾತ್ರ ನಿಲ್ಲಲಿ. ಮತ್ತೆ ಮತ್ತೆ ತಪ್ಪು ಮಾಡಿದವರ ಸೌಂಡ್ ಬಾಕ್ಸ್ ವಶಪಡಿಸಿಕೊಳ್ಳಿ. ಹೋಂಸ್ಟೇ ನೋಂದಣಿ ಮಾಡುವ ಇಲಾಖೆಗೆ ಆ ಹೆಸರು ಬರೆದು ಕಳಿಸಿ. ರಾತ್ರಿ ಫೋನ್ ಎತ್ತುವ ಒಬ್ಬ ಅಧಿಕಾರಿಯನ್ನು ತಾಲ್ಲೂಕಿಗೆ ನೇಮಿಸಿ, ಬಂದ ಪೊಲೀಸರು ಬರೀ ಹೇಳಿ ಹೋಗದೆ ಪ್ರಕರಣ ದಾಖಲಿಸುವಂತೆ ಆದೇಶ ಕೊಡಿ.

ಮೆಣಸಿನ ಕುಯ್ಲು ಮತ್ತೆ ಹತ್ತಿರ ಬಂದಿದೆ. ಮೈದುನ ಈ ಸಲವೂ ಏಣಿ ಹತ್ತಲೇಬೇಕು, ಬೇರೆ ದಾರಿ ಇಲ್ಲ. ಅಷ್ಟರೊಳಗೆ ಆದೇಶ ಬರಲಿ. ರಾತ್ರಿ 10ಕ್ಕೆ ಸೌಂಡ್ ನಿಲ್ಲಿಸಿಕೊಡಿ.

ಇಂತಿ,
ಮಡಿಕೇರಿ ತಾಲ್ಲೂಕಿನ ಒಬ್ಬ ಸಣ್ಣ ಬೆಳೆಗಾರ್ತಿ